ಬಡಿತ ತಪ್ಪುವ ಹೃದಯಕ್ಕೆ ನಡಿಗೆ ಎಷ್ಟು ಹಿತ?

ಶಿವಮೊಗ್ಗ: ಹೃದಯ ಬಡಿತದಲ್ಲಿ ಏರುಪೇರಿದೆ ಎಂದು ಇಸಿಜಿ ವರದಿ ಬಂದ ಮರುದಿನವೇ ಬೆಳಗಿನ ನಡಿಗೆಯನ್ನು ಕೈಬಿಡುವವರು ಕಡಿಮೆಯಿಲ್ಲ. ಮನೆಯವರೂ ಅದನ್ನೇ ಬಯಸುತ್ತಾರೆ. ಮೆಟ್ಟಿಲು ಹತ್ತಬೇಡಿ, ಬಿಂದಿಗೆ ಎತ್ತಬೇಡಿ, ಮಾರುಕಟ್ಟೆಗೆ ಹೋಗಬೇಡಿ ಎಂಬ ಪಟ್ಟಿ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಆದರೆ ಲಯ ತಪ್ಪುವ ಕಾಯಿಲೆಗಳಲ್ಲಿ ಬಹುಪಾಲಿಗೆ ಈ ವಿಶ್ರಾಂತಿಯಿಂದ ಪ್ರಯೋಜನವಿಲ್ಲ; ಕೆಲವಕ್ಕಂತೂ ಅದೇ ಅಪಥ್ಯ. ಶ್ರಮವು ನಿಜಕ್ಕೂ ಪ್ರಾಣಾಪಾಯ ತರಬಲ್ಲ ಬಗೆಗಳು ಕೆಲವೇ ಕೆಲವು. ಇವೆರಡನ್ನು ಬೇರ್ಪಡಿಸಿ ತಿಳಿಯದಿರುವುದರಿಂದ ನಡೆಯಬೇಕಾದವರು ಕುರ್ಚಿ ಹಿಡಿಯುತ್ತಾರೆ, ಪರೀಕ್ಷೆಗೆ ಹೋಗಬೇಕಾದವರು ಮೈದಾನಕ್ಕೆ ಹೋಗುತ್ತಾರೆ.

ಈ ಭಯಕ್ಕೆ ಹಿನ್ನೆಲೆಯೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ, ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿಯೇ ರಾಜ್ಯದ ಉದ್ದಗಲಕ್ಕೂ ಜಿಮ್‌ಗಳನ್ನು ಅನುಮಾನದಿಂದ ನೋಡುವಂತೆ ಮಾಡಿತು. 2025ರ ಮೇ ಮತ್ತು ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ವರದಿ ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದರು. ಶಿವಮೊಗ್ಗ ಜಿಲ್ಲೆಗೂ ಆ ಆತಂಕ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ.

ಹೃದಯಾಘಾತ ಬೇರೆ, ಲಯ ದೋಷ ಬೇರೆ

ಮೊದಲಿಗೆ ಮೂರು ಪದಗಳನ್ನು ಬಿಡಿಸಿ ನೋಡಬೇಕು. ಹೃದಯಾಘಾತ ಎಂಬುದು ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊಳವೆ ಕಟ್ಟಿಕೊಂಡು ಸ್ನಾಯು ಸಾಯತೊಡಗುವ ಸ್ಥಿತಿ. ಲಯ ದೋಷ, ಅಂದರೆ ವೈದ್ಯರು ಅರಿತ್ಮಿಯಾ ಎನ್ನುವುದು, ಬಡಿತವನ್ನು ನಿಯಂತ್ರಿಸುವ ವಿದ್ಯುತ್ ವ್ಯವಸ್ಥೆಯ ತೊಂದರೆ. ಹೃದಯ ಸ್ತಂಭನವೆಂದರೆ ಹೃದಯ ರಕ್ತವನ್ನು ಪಂಪ್ ಮಾಡುವುದನ್ನೇ ನಿಲ್ಲಿಸುವುದು. ಅದಕ್ಕೆ ಮೇಲಿನ ಎರಡೂ ಕಾರಣವಾಗಬಹುದು. ಸಂಜೆಯ ಮಾತುಕತೆಯಲ್ಲಿ ಇವು ಮೂರೂ ‘ಹಾರ್ಟ್ ಪ್ರಾಬ್ಲಂ’ ಎಂಬ ಒಂದೇ ಹೆಸರಿನಲ್ಲಿ ಬೆರೆತುಹೋಗುತ್ತವೆ. ಒಬ್ಬರಿಗೆ ಕೊಟ್ಟ ಸಲಹೆಯನ್ನು ಇನ್ನೊಬ್ಬರು ಪಾಲಿಸುವುದು ಹೀಗೆಯೇ.

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸಣ್ಣ ಕೋಶಗುಚ್ಛವೊಂದು ಪ್ರತಿ ಬಡಿತಕ್ಕೂ ವಿದ್ಯುತ್ ಸಂಜ್ಞೆ ಹೊರಡಿಸುತ್ತದೆ. ಅದು ಹೃತ್ಕರ್ಣಗಳನ್ನು ದಾಟಿ, ನಡುವಿನ ಗೇಟಿನಂಥ ಇನ್ನೊಂದು ಗುಚ್ಛದಲ್ಲಿ ಕ್ಷಣಮಾತ್ರ ತಡೆದು, ಕೆಳಗಿನ ಹೃತ್ಕುಕ್ಷಿಗಳಿಗೆ ಹರಿಯುತ್ತದೆ. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಇದು ನಡೆಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ನಿತ್ಯ ಓಡುವ, ಈಜುವ ಅಭ್ಯಾಸವುಳ್ಳವರಲ್ಲಿ 50ಕ್ಕಿಂತ ಕೆಳಗಿಳಿದರೂ ಅದು ರೋಗವಾಗಬೇಕೆಂದಿಲ್ಲ.

ಸಾಮಾನ್ಯವಾಗಿ ಕಂಡುಬರುವ ತೊಂದರೆ ಎಂದರೆ ನಡುವೆ ಒಂದು ಬಡಿತ ಬೇಗ ಬಿದ್ದು, ಮುಂದಿನದು ತಡವಾಗಿ ಎದೆಗೆ ಗುದ್ದಿದಂತೆ ಅನಿಸುವುದು. ಎಕೋ ಪರೀಕ್ಷೆಯಲ್ಲಿ ಹೃದಯದ ರಚನೆ ಸರಿಯಿದ್ದು, ನಡೆಯತೊಡಗಿದ ಮೇಲೆ ಈ ಹೆಚ್ಚುವರಿ ಬಡಿತಗಳು ಕಡಿಮೆಯಾದರೆ ಹೆದರಲು ಕಾರಣವಿಲ್ಲ. ಶ್ರಮ ಹೆಚ್ಚಿದಂತೆ ಅವೂ ಹೆಚ್ಚಿದರೆ ಮಾತ್ರ ಮುಂದಿನ ತಪಾಸಣೆ ಅಗತ್ಯ. ಇದನ್ನು ಅಳೆಯಲೆಂದೇ ಟ್ರೆಡ್‌ಮಿಲ್ ಪರೀಕ್ಷೆ ಮತ್ತು 24 ಗಂಟೆ ದೇಹಕ್ಕೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಇವೆ.

ಹದಿಹರೆಯದವರು ಮತ್ತು ಯುವಕರಲ್ಲಿ ಸ್ವಿಚ್ ಹಾಕಿದಂತೆ ಬಡಿತ ಏಕಾಏಕಿ 150, 180, 200ಕ್ಕೆ ಏರಿ, ಹಾಗೆಯೇ ಇದ್ದಕ್ಕಿದ್ದಂತೆ ಇಳಿಯುವ ಬಗೆಯೊಂದಿದೆ. ಎಸ್‌ವಿಟಿ ಎಂಬ ಹೆಸರಿನಲ್ಲಿ ಗುರುತಿಸಲಾಗುವ ಇದನ್ನು ಹೆಚ್ಚಿನವರಲ್ಲಿ ತೊಡೆಯ ರಕ್ತನಾಳದ ಮೂಲಕ ತಂತಿ ಕಳುಹಿಸಿ, ತಪ್ಪು ದಾರಿಯನ್ನು ಸುಟ್ಟು ಶಾಶ್ವತವಾಗಿ ಗುಣಪಡಿಸಲಾಗುತ್ತದೆ. ಚಿಕಿತ್ಸೆಯ ನಂತರ ಶಟಲ್, ಕ್ರಿಕೆಟ್ ಯಾವುದಕ್ಕೂ ಅಡ್ಡಿಯಿರುವುದಿಲ್ಲ. ಹಾಗಿದ್ದೂ ಹತ್ತಾರು ವರ್ಷ ಮಾತ್ರೆ ನುಂಗುತ್ತಾ ಆಟದಿಂದ ದೂರ ಉಳಿಯುವವರಿದ್ದಾರೆ ಎಂಬುದು ವಿಷಾದದ ಸಂಗತಿ.

ಹೃತ್ಕರ್ಣದ ಕಂಪನ: ನಡಿಗೆಯೂ ಚಿಕಿತ್ಸೆಯ ಭಾಗ

ಐವತ್ತು ದಾಟಿದವರಲ್ಲಿ ವೈದ್ಯರು ಹೆಚ್ಚು ಗಮನ ಕೊಡುವುದು ಏಟ್ರಿಯಲ್ ಫಿಬ್ರಿಲೇಷನ್‌ಗೆ. ಹೃತ್ಕರ್ಣಗಳು ಕ್ರಮಬದ್ಧವಾಗಿ ಸಂಕುಚಿಸುವ ಬದಲು ಸುಮ್ಮನೆ ಕಂಪಿಸುತ್ತವೆ. ನಾಡಿ ಎಲ್ಲಿಯೂ ತಾಳಕ್ಕೆ ಸಿಗುವುದಿಲ್ಲ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಚಿಮ್ಮಿದರೆ ಪಾರ್ಶ್ವವಾಯು. ಈ ತೊಂದರೆ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ರಕ್ತದೊತ್ತಡ, ಬೊಜ್ಜು, ಮಧುಮೇಹ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಮದ್ಯಪಾನ, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ ಇವೆಲ್ಲ ಇದಕ್ಕೆ ದಾರಿ ಮಾಡಿಕೊಡುತ್ತವೆ. ಈ ಕಾರಣಗಳಲ್ಲಿ ಅರ್ಧದಷ್ಟಾದರೂ ನಡಿಗೆಯಿಂದ ಹತೋಟಿಗೆ ಬರುವಂಥವು ಎಂಬುದನ್ನು ಗಮನಿಸಬೇಕು.

ಆಸ್ಟ್ರೇಲಿಯಾದ ಅಡಿಲೇಡ್‌ನ ತಜ್ಞರು ಇಂಥ 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳ ಕಾಲ ವಾರಕ್ಕೆ 210 ನಿಮಿಷದವರೆಗೆ ಹಂತಹಂತವಾಗಿ ಏರುವ ವ್ಯಾಯಾಮ ಕೊಟ್ಟರು. ಒಂದು ವರ್ಷದ ಕೊನೆಗೆ ಆ ಗುಂಪಿನ ಶೇ 40ರಷ್ಟು ಮಂದಿಯಲ್ಲಿ ತೊಂದರೆ ಮರುಕಳಿಸಿರಲಿಲ್ಲ. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಈ ಪ್ರಮಾಣ ಶೇ 20 ಮಾತ್ರ. 2023ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಮುನ್ನವೇ, 2015ರಲ್ಲಿ, ಅದೇ ನಗರದ ಇನ್ನೊಂದು ಅಧ್ಯಯನ ದೇಹತೂಕದ ಶೇ 10ರಷ್ಟನ್ನು ಇಳಿಸಿ ಕಾಯ್ದುಕೊಂಡವರಲ್ಲಿ ಬಡಿತ ತಪ್ಪುವುದು ಬಹಳಷ್ಟು ತಗ್ಗಿದ್ದನ್ನು ತೋರಿಸಿತ್ತು. ಯೋಗಾಭ್ಯಾಸದ ಬಗ್ಗೆಯೂ ಸಾಕ್ಷ್ಯವಿದೆ: ಅಮೆರಿಕದ ಕಾನ್ಸಾಸ್‌ನಲ್ಲಿ ಡಾ. ಧನಂಜಯ ಲಕ್ಕಿರೆಡ್ಡಿ ಅವರ ತಂಡ 49 ರೋಗಿಗಳಿಗೆ ಮೂರು ತಿಂಗಳು ಯೋಗ ಕಲಿಸಿ, ತೊಂದರೆ ಕಾಣಿಸಿಕೊಳ್ಳುವ ಸಂಖ್ಯೆ ಇಳಿದದ್ದನ್ನು 2013ರಲ್ಲಿ ವರದಿ ಮಾಡಿತು. ಸಣ್ಣ ಅಧ್ಯಯನ, ನಿಜ. ಮಾತ್ರೆ ಬಿಟ್ಟು ಯೋಗ ಹಿಡಿಯಿರಿ ಎಂದು ಅದು ಹೇಳಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗೆಂದು ಹೆಚ್ಚಿದಷ್ಟೂ ಒಳಿತೆಂದು ತಿಳಿಯುವಂತಿಲ್ಲ. ಸ್ವೀಡನ್‌ನಲ್ಲಿ ಪ್ರತಿವರ್ಷ ಹಿಮದ ಮೇಲೆ 90 ಕಿ.ಮೀ. ಸ್ಕೀ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಪಾಲ್ಗೊಂಡ 52 ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು 2013ರಲ್ಲಿ ಪರಿಶೀಲಿಸಿದಾಗ, ಹೆಚ್ಚು ಬಾರಿ ಸ್ಪರ್ಧಿಸಿದವರಲ್ಲಿ ಹಾಗೂ ವೇಗವಾಗಿ ಗುರಿ ಮುಟ್ಟಿದವರಲ್ಲಿ ಲಯ ದೋಷ ಹೆಚ್ಚಾಗಿ ಕಂಡಿತು. ವರ್ಷಗಟ್ಟಲೆ ದೂರದೋಟದ ಕಠಿಣ ತರಬೇತಿ ಮಾಡುವವರಿಗೆ ಇದು ಅನ್ವಯಿಸುತ್ತದೆಯೇ ಹೊರತು ಗಾಂಧಿ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರಿಗಲ್ಲ.

ಕವಾಟದ ಕಾಯಿಲೆಯ ಮಾತು

ಪಶ್ಚಿಮ ದೇಶಗಳ ಪುಸ್ತಕಗಳು ಅಷ್ಟಾಗಿ ಹೇಳದ, ನಮ್ಮ ಕಡೆ ಮರೆಯಲಾಗದ ಇನ್ನೊಂದು ಕಾರಣವೆಂದರೆ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಗಂಟಲು ನೋವು, ಕೀಲು ಬಾವು ಎಂದು ಬಂದುಹೋದ ಕಾಯಿಲೆ ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸಿ, ಇಪ್ಪತ್ತು-ಮೂವತ್ತು ವರ್ಷಗಳ ಬಳಿಕ ಬಡಿತ ತಪ್ಪಿಸುತ್ತದೆ. ಹೆಚ್ಚಾಗಿ ಇದಕ್ಕೆ ತುತ್ತಾಗುವವರು ಮಹಿಳೆಯರು. ಅನೇಕರಲ್ಲಿ ಮೊದಲ ಗರ್ಭಧಾರಣೆಯವರೆಗೂ ಇದು ಬೆಳಕಿಗೆ ಬಂದಿರುವುದಿಲ್ಲ. ಮನೆಗೆಲಸದಲ್ಲಿ ಬರುವ ಏದುಸಿರನ್ನು ರಕ್ತಹೀನತೆಯೆಂದೋ ಸೋಮಾರಿತನವೆಂದೋ ತಳ್ಳಿಹಾಕಿದ ಕುಟುಂಬಗಳೆಷ್ಟೋ.

ಇವರ ವಿಷಯದಲ್ಲಿ ‘ಸ್ವಲ್ಪ ಬಿರುಸಾಗಿ ನಡೆಯಿರಿ’ ಎಂಬ ಸಾಮಾನ್ಯ ಸಲಹೆ ತಪ್ಪಾಗುತ್ತದೆ. ಬಡಿತ ಹೆಚ್ಚಿದಂತೆ ಎರಡು ಬಡಿತಗಳ ನಡುವಿನ ಬಿಡುವು ಕುಗ್ಗುತ್ತದೆ. ಕಿರಿದಾದ ಕವಾಟದ ಮೂಲಕ ಕೆಳಗಿಳಿಯಲು ರಕ್ತಕ್ಕೆ ಸಮಯ ಸಾಲದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಆದ್ದರಿಂದ ಮೊದಲು ಎಕೋ ಪರೀಕ್ಷೆ, ಅಗತ್ಯವಿದ್ದರೆ ಬಲೂನ್ ಮೂಲಕ ಕವಾಟ ಹಿಗ್ಗಿಸುವಿಕೆ ಅಥವಾ ಶಸ್ತ್ರಚಿಕಿತ್ಸೆ, ನಂತರ ವ್ಯಾಯಾಮ ಎಂಬ ಕ್ರಮವನ್ನು ಅನುಸರಿಸಬೇಕು. ಇವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ವಾರ್ಫರಿನ್ ಅಥವಾ ಅದೇ ವರ್ಗದ ಮಾತ್ರೆಯೇ ಬೇಕೆಂಬುದು, ಹೊಸ ಮಾತ್ರೆ ರಿವರೊಕ್ಸಬಾನ್‌ನೊಂದಿಗೆ ಹೋಲಿಸಿದ 2022ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಖಚಿತವಾಯಿತು. ವಾರ್ಫರಿನ್ ಸೇವಿಸುವವರು ಬಸಳೆ, ಹರಿವೆ, ನುಗ್ಗೆಸೊಪ್ಪನ್ನು ಪೂರ್ಣ ಬಿಡಬೇಕಿಲ್ಲ. ಆದರೆ ಒಂದು ವಾರ ನಿತ್ಯವೂ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಎಂಬಂತಾದರೆ ಐಎನ್‌ಆರ್ ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ. ಇಂಥ ಮಾತ್ರೆಗಳ ಮೇಲಿರುವವರು ಕಬಡ್ಡಿಯಂಥ ಬಿದ್ದು ಏಳುವ ಆಟಗಳಿಂದ ದೂರವಿರುವುದು ಲೇಸು. ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಎಷ್ಟು, ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕು. ಬಡಿತದ ತೊಂದರೆ ಹತೋಟಿಯಲ್ಲಿರುವ ಹೆಚ್ಚಿನವರ ಗುರಿಯೂ ಇದೇ. ಮೊದಲ ದಿನವೇ ಅರ್ಧ ಗಂಟೆ ಬೇಕಿಲ್ಲ. ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋದರೆ ಸಾಕು. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷವೂ ನಿಧಾನ. ಓಡಿ ಬಂದು ಥಟ್ಟನೆ ನಿಲ್ಲುವುದರಿಂದ ರಕ್ತದೊತ್ತಡ ಕುಸಿದು ತಲೆ ಸುತ್ತುವ ಸಂಭವ ಹೆಚ್ಚು.

220ರಿಂದ ವಯಸ್ಸನ್ನು ಕಳೆದು ಬಡಿತದ ಮಿತಿ ಲೆಕ್ಕ ಹಾಕುವ ಸೂತ್ರ ಜಿಮ್ ಗೋಡೆಗಳ ಮೇಲೆ ಈಗಲೂ ಇದೆ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಮಾತ್ರೆ ಸೇವಿಸುವವರಿಗೆ ಈ ಸೂತ್ರ ಉಪಯೋಗಕ್ಕೆ ಬಾರದು. ಆ ಮಾತ್ರೆಗಳೇ ಬಡಿತವನ್ನು ಕೆಳಗೆ ಹಿಡಿದಿರುತ್ತವೆ. ಅದಕ್ಕಿಂತ ನಂಬಲರ್ಹವಾದುದು ಮಾತಿನ ಪರೀಕ್ಷೆ. ಜೊತೆಗಾರರೊಂದಿಗೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ವೇಗ. ಮಣಿಕಟ್ಟಿನ ಗಡಿಯಾರಗಳು ತೋರಿಸುವ ಅಂಕಿಯನ್ನು, ಮುಖ್ಯವಾಗಿ ಫಿಬ್ರಿಲೇಷನ್ ಇರುವವರು, ಅಕ್ಷರಶಃ ನಂಬಬಾರದು. ಕೆಲವು ಬಡಿತಗಳು ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಕೈಯಿಂದ ನಾಡಿ ಎಣಿಸುವವರು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸದೆ, ಪೂರ್ತಿ ಒಂದು ನಿಮಿಷ ಎಣಿಸಬೇಕು.

ಸ್ನಾಯುಬಲದ ವ್ಯಾಯಾಮವೂ ವಾರಕ್ಕೆ ಎರಡು ದಿನ ಬೇಕು. ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎತ್ತುವಾಗಲೂ ಇದೇ ಮಾತು ಅನ್ವಯಿಸುತ್ತದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡು ನಡಿಗೆಗೆ ಹೊರಡುವ ಮಲೆನಾಡಿನ ಹಿರಿಯರು, ನಿಕೋಟಿನ್ ಬಡಿತ ಹೆಚ್ಚಿಸುವ ವಸ್ತುವೆಂಬುದನ್ನು ತಿಳಿದಿರಬೇಕು. ಇನ್ನು ಬೆಳಗಿನ ಒಂದು ಲೋಟ ಕಾಫಿಗೆ ಹೆದರುವ ಅಗತ್ಯ ಹೆಚ್ಚಿನವರಿಗಿಲ್ಲ.

ಪೇಸ್‌ಮೇಕರ್ ಮತ್ತು ಉಕ್ಕಿನ ಊರು

ಬಡಿತ ತೀರಾ ನಿಧಾನವಾದವರಿಗೆ, ವಿದ್ಯುತ್ ಹಾದಿಯೇ ಕಡಿದುಹೋದವರಿಗೆ ಪೇಸ್‌ಮೇಕರ್ ಅಳವಡಿಸಲಾಗುತ್ತದೆ. ಜಗತ್ತಿನಲ್ಲಿ ಮೊದಲ ಬಾರಿಗೆ ಅದನ್ನು ದೇಹದೊಳಗೆ ಇರಿಸಿಕೊಂಡ ಸ್ವೀಡನ್ನಿನ ಆರ್ನೆ ಲಾರ್ಸನ್ 1958ರಲ್ಲಿ ಸಾವಿನಂಚಿನಲ್ಲಿದ್ದರು. ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸುತ್ತಾ ಅವರು 2001ರವರೆಗೆ, 86ನೇ ವಯಸ್ಸಿನವರೆಗೆ ಬಾಳಿದರು. ಈಗಿನ ಯಂತ್ರದ ಬ್ಯಾಟರಿ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬಾಳುತ್ತದೆ.

ಅಳವಡಿಸಿದ ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ತೋಳನ್ನು ಭುಜಕ್ಕಿಂತ ಮೇಲೆತ್ತಬಾರದು. ಬಾವಿಯಿಂದ ನೀರು ಸೇದುವುದು, ಅಟ್ಟದಿಂದ ಪಾತ್ರೆ ಇಳಿಸುವುದು, ಸ್ಕೂಟರ್ ಸ್ಟ್ಯಾಂಡ್ ಹಾಕುವುದು ಆ ಅವಧಿಗೆ ಬೇಡ. ಅದರರ್ಥ ಕೈಯನ್ನು ಎದೆಗವಚಿ ಕೂರಬೇಕೆಂದಲ್ಲ; ಹಾಗೆ ಮಾಡಿದವರ ಭುಜವೇ ಬಿಗಿದುಕೊಳ್ಳುತ್ತದೆ. ಕಾಲಿಗೆ ಯಾವ ನಿರ್ಬಂಧವೂ ಇಲ್ಲದಿರುವುದರಿಂದ ವೈದ್ಯರು ಹೇಳಿದ ದಿನದಿಂದ ನಡೆಯತೊಡಗಬಹುದು. ಅನೇಕ ಯಂತ್ರಗಳಲ್ಲಿ ದೇಹದ ಚಲನೆಯನ್ನು ಗುರುತಿಸಿ ಬಡಿತ ಏರಿಸುವ ಸಾಧನವಿರುತ್ತದೆ. ಎದೆಭಾಗ ಅಲ್ಲಾಡುವ ನಡಿಗೆಗೆ ಅದು ಚೆನ್ನಾಗಿ ಸ್ಪಂದಿಸುತ್ತದೆ. ನಿಂತಲ್ಲೇ ತುಳಿಯುವ ಜಿಮ್ ಸೈಕಲ್‌ಗೆ ಅಷ್ಟಾಗಿ ಸ್ಪಂದಿಸದು. ಸೈಕಲ್ ಮೇಲೆ ಬೇಗ ಸುಸ್ತಾಗುತ್ತದೆ ಎನ್ನುವವರು ಅದನ್ನು ಯಂತ್ರದ ತಪಾಸಣೆಯ ವೇಳೆ ಹೇಳಿದರೆ ಹೊಂದಾಣಿಕೆ ಮಾಡಿಸಿಕೊಳ್ಳಬಹುದು.

ಸುಮಾರು 20 ಕಿ.ಮೀ. ದೂರದ ಭದ್ರಾವತಿಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ಸರ್ ಎಂ. ವಿಶ್ವೇಶ್ವರಯ್ಯ ಅವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಊರು ಅದು. ಅಲ್ಲಿ ಬೆಂಕಿ, ಕುಲುಮೆ, ವೆಲ್ಡಿಂಗ್ ತಲೆಮಾರುಗಳ ವೃತ್ತಿ. ದೊಡ್ಡ ವಿದ್ಯುತ್ ಕುಲುಮೆಗಳ ಸುತ್ತಲಿನ ಕಾಂತಕ್ಷೇತ್ರ ಪೇಸ್‌ಮೇಕರ್‌ಗೆ ಗೊಂದಲ ಉಂಟುಮಾಡಬಲ್ಲದು. ಆರ್ಕ್ ವೆಲ್ಡಿಂಗ್‌ಗೂ ಮಿತಿಯಿದೆ. 160 ಆಂಪಿಯರ್ ಮೀರಿದ ವೆಲ್ಡಿಂಗ್ ಬೇಡವೆಂದು ಯಂತ್ರ ತಯಾರಕರು ಸಾಮಾನ್ಯವಾಗಿ ಸೂಚಿಸುತ್ತಾರೆ. ಗ್ಯಾರೇಜು, ವರ್ಕ್‌ಶಾಪ್‌ಗಳಲ್ಲಿ ದುಡಿಯುವವರು ತಮ್ಮ ವೃತ್ತಿ ಯಾವುದೆಂದು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸುವುದು ಅವಶ್ಯ. ಮನೆಯೊಳಗೆ ಇಂಡಕ್ಷನ್ ಒಲೆಯಿಂದ ಎರಡು ಅಡಿ, ಮೊಬೈಲ್‌ನಿಂದ 15 ಸೆಂ.ಮೀ. ದೂರ ಸಾಕು. ಫೋನನ್ನು ಎಡ ಜೇಬಿಗೆ ಹಾಕುವ ರೂಢಿ ಬಿಡಬೇಕು, ಅಷ್ಟೆ.

ಆ ಊರಿನ ಇನ್ನೊಂದು ಸಂಗತಿ ವೈದ್ಯಕೀಯ ಪುಸ್ತಕದಲ್ಲಿ ಸಿಗುವುದಿಲ್ಲ. ಮೂರು ಪಾಳಿಯಲ್ಲಿ ಮೈಮುರಿದು ದುಡಿದ ದೇಹ ನಿವೃತ್ತಿಯ ಮರುದಿನ ಟಿ.ವಿ. ಮುಂದೆ ಕುಳಿತುಬಿಡುತ್ತದೆ. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಆಸುಪಾಸಿನಲ್ಲಿ ನಿಂತ ಮೇಲೆ ಹೀಗೆ ಅಕಾಲದಲ್ಲಿ ಮನೆ ಸೇರಿದವರೂ ಇದ್ದಾರೆ. ತೂಕ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಬಡಿತ ತಪ್ಪುತ್ತದೆ. ‘ಜೀವಮಾನವಿಡೀ ಕೆಲಸ ಮಾಡಿದ್ದೇವೆ, ಇನ್ನೆಂಥ ವ್ಯಾಯಾಮ’ ಎಂಬ ವಾದಕ್ಕೆ ಹೃದಯ ಮಾತ್ರ ಒಪ್ಪುವುದಿಲ್ಲ. ನ್ಯೂಟೌನ್‌ನ ಮರಗಳ ನೆರಳಿನ ರಸ್ತೆಗಳಂಥ ನಡಿಗೆ ಹಾದಿ ಶಿವಮೊಗ್ಗದ ಅನೇಕ ಬಡಾವಣೆಗಳಿಗೂ ಇಲ್ಲ ಎಂಬುದನ್ನು ಭದ್ರಾವತಿಯವರು ನೆನೆಯಬಹುದು.

ಯಾರು ನಿಲ್ಲಿಸಬೇಕು?

ಕೆಲವರಿಗೆ ನಿರ್ಬಂಧ ಕಟ್ಟುನಿಟ್ಟಾಗಿಯೇ ಇರುತ್ತದೆ. ವಂಶಪಾರಂಪರ್ಯವಾಗಿ ಬರುವ ಲಾಂಗ್ ಕ್ಯುಟಿ ತೊಂದರೆಯ ಒಂದು ಬಗೆಯಲ್ಲಿ ಈಜುವಾಗಲೇ ಪ್ರಾಣಾಪಾಯ ಎದುರಾಗಬಹುದು. ಬಲ ಹೃತ್ಕುಕ್ಷಿಯ ಸ್ನಾಯು ಸವೆದು ಕೊಬ್ಬಾಗುವ ಕಾಯಿಲೆಯಲ್ಲಿ ಕಠಿಣ ಓಟವೇ ರೋಗವನ್ನು ವೇಗಗೊಳಿಸುತ್ತದೆ. ಹೃದಯಾಘಾತವಾಗಿ ಪಂಪಿಂಗ್ ಶಕ್ತಿ ಕುಂದಿದವರಲ್ಲಿ ಹೃತ್ಕುಕ್ಷಿಯಿಂದ ಹುಟ್ಟುವ ವೇಗದ ಬಡಿತ ಮಾರಕವಾಗಬಲ್ಲದು. ಕುಟುಂಬದಲ್ಲಿ ನಲವತ್ತರೊಳಗೆ ಯಾರಾದರೂ ಹಠಾತ್ತನೆ ಮೃತಪಟ್ಟಿದ್ದರೆ, ಅಥವಾ ಓಡುವಾಗಲೇ ಎಚ್ಚರ ತಪ್ಪಿದ ಉದಾಹರಣೆ ಇದ್ದರೆ ತಪಾಸಣೆ ಮುಗಿಯುವವರೆಗೆ ಆಟ ನಿಲ್ಲಬೇಕು. ಕ್ರೀಡಾಕೂಟದಲ್ಲಿ ಬಿದ್ದ ಬಾಲಕನಿಗೆ ಬಿಸಿಲಿನ ಆಯಾಸವೆಂದು ಗ್ಲೂಕೋಸ್ ಕುಡಿಸಿ ಕಳುಹಿಸುವುದು ಸಾಲದು.

ಅಂಥವರಲ್ಲೂ ಬಾಗಿಲು ಪೂರ್ಣ ಮುಚ್ಚಿರುವುದಿಲ್ಲ. ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಯೂರೋ ಪಂದ್ಯದ ನಡುವೆ ಹೃದಯ ಸ್ತಂಭನಗೊಂಡು ಕುಸಿದರು. ಮೈದಾನದಲ್ಲೇ ಎದೆ ಒತ್ತಿ, ವಿದ್ಯುತ್ ಆಘಾತ ನೀಡಿ ಅವರನ್ನು ಉಳಿಸಲಾಯಿತು. ಅಪಾಯದ ಬಡಿತ ಕಂಡೊಡನೆ ತಾನೇ ಆಘಾತ ನೀಡುವ ಐಸಿಡಿ ಯಂತ್ರ ಅಳವಡಿಸಿಕೊಂಡ ಅವರು 2022ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಕ್ಲಬ್ ಪರವಾಗಿ ಮೈದಾನಕ್ಕೆ ಮರಳಿದರು. ಇಟಲಿಯ ನಿಯಮ ಅದಕ್ಕೆ ಒಪ್ಪದ ಕಾರಣ ಅಲ್ಲಿನ ಕ್ಲಬ್ ತೊರೆಯಬೇಕಾಯಿತು. ಐಸಿಡಿ ಇರುವ ಸಾಮಾನ್ಯರು ತಮ್ಮ ಯಂತ್ರ ಎಷ್ಟು ಬಡಿತಕ್ಕೆ ಎಚ್ಚೆತ್ತುಕೊಳ್ಳುವಂತೆ ಹೊಂದಿಸಲ್ಪಟ್ಟಿದೆ ಎಂದು ಕೇಳಿ ತಿಳಿದು, ಅದಕ್ಕಿಂತ 10ರಿಂದ 20 ಬಡಿತ ಕೆಳಗೇ ವ್ಯಾಯಾಮ ಮಾಡಬೇಕು.

ಎಚ್ಚರ ತಪ್ಪುವ ಸಂಭವವಿರುವವರಿಗೆ ಕೆಲಸದ ಆಯಾಸಕ್ಕಿಂತ ಕೆಲಸದ ಸ್ಥಳ ಅಪಾಯಕಾರಿ. ಅಡಿಕೆ ಮರವೇರಿ ಕೊನೆ ಕೊಯ್ಯುವುದು, ತುಂಗೆ-ಭದ್ರೆಯಲ್ಲಿ ಒಂಟಿಯಾಗಿ ಈಜುವುದು, ಲಾರಿ-ಬಸ್ ಓಡಿಸುವುದು ವೈದ್ಯರ ಅನುಮತಿಯಿಲ್ಲದೆ ಸಲ್ಲದು.

ಮಳೆ, ಬಿಸಿಲು, ಬೆಟ್ಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ನಡಿಗೆ ತಪ್ಪುವುದು ಈ ಭಾಗದ ಹಳೆಯ ತೊಡಕು. ಮನೆಯ ಪಡಸಾಲೆ, ಕಲ್ಯಾಣ ಮಂಟಪದ ಜಗಲಿ, ಮಹಡಿಯ ಮೆಟ್ಟಿಲು ಆಗ ನೆರವಿಗೆ ಬರುತ್ತವೆ. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಬೆವರಿನೊಂದಿಗೆ ಪೊಟ್ಯಾಸಿಯಂನಂಥ ಲವಣಾಂಶ ಹೊರಹೋಗುವುದರಿಂದ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಏಳು ಗಂಟೆಯೊಳಗೆ ನಡಿಗೆ ಮುಗಿಸುವುದು ಒಳ್ಳೆಯದು. ತುಂಗೆಯ ಉತ್ತರ ದಂಡೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ರೂಪುಗೊಂಡ ಪಥ ಸಮತಟ್ಟಾಗಿರುವುದರಿಂದ ಆರಂಭದ ದಿನಗಳಿಗೆ ಅನುಕೂಲ.

ಜೋಗದ ಗುಂಡಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಇಳಿಯುವುದು ಸುಲಭ, ಹತ್ತುವಾಗ ನಡುವೆ ನಿಂತುಬಿಟ್ಟರೆ ಹೊತ್ತು ತರುವುದು ಕಷ್ಟ. ಪಂಪೆಯಿಂದ ಶಬರಿಮಲೆ ಸನ್ನಿಧಾನದವರೆಗಿನ ಸುಮಾರು 5 ಕಿ.ಮೀ. ಏರುಹಾದಿಯಲ್ಲಿ ನೀಲಿಮಲೆ ಹಾಗೂ ಅಪ್ಪಾಚಿಮೇಡುಗಳಲ್ಲಿ ಹೃದ್ರೋಗ ಚಿಕಿತ್ಸಾ ಕೇಂದ್ರಗಳನ್ನೇ ತೆರೆಯಬೇಕಾಗಿರುವುದು ಸುಮ್ಮನೆ ಅಲ್ಲ. ಮಾಲೆ ಧರಿಸುವ ಮೊದಲೇ ಎರಡು ತಿಂಗಳು ನಡಿಗೆ ರೂಢಿಸಿಕೊಂಡವರಿಗೂ, ಇರುಮುಡಿ ಕಟ್ಟಿದ ದಿನವೇ ಮೊದಲ ಬಾರಿಗೆ ಬೆಟ್ಟ ಹತ್ತುವವರಿಗೂ ವ್ಯತ್ಯಾಸ ಬಹಳ.

ನಡೆಯುವಾಗ ಎದೆನೋವು, ಕಣ್ಣು ಕತ್ತಲಿಡುವುದು, ಎಂದಿಲ್ಲದ ಏದುಸಿರು, ನಿಂತರೂ ಇಳಿಯದ ಡವಡವ ಕಾಣಿಸಿದರೆ ಅಲ್ಲಿಯೇ ಕುಳಿತುಕೊಳ್ಳಬೇಕು. ಹತ್ತು ನಿಮಿಷದಲ್ಲಿ ತಗ್ಗದಿದ್ದರೆ, ಎದೆನೋವು ಇದ್ದರಂತೂ ತಕ್ಷಣವೇ, 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಕರೆಯಬೇಕು. ಹೊಸ ಔಷಧ ಅಂಗಡಿಯಲ್ಲಿ ಮಾತ್ರೆ ಕೇಳುತ್ತಾ ಸಮಯ ಕಳೆಯುವುದು ಬೇಡ. ತೊಂದರೆ ನಡೆಯುತ್ತಿರುವಾಗಲೇ ತೆಗೆದ ಒಂದು ಇಸಿಜಿ, ಅನಂತರ ತೆಗೆದ ಹತ್ತಕ್ಕಿಂತ ಹೆಚ್ಚು ಉಪಯುಕ್ತ. ಆದ್ದರಿಂದ ದೊಡ್ಡ ಆಸ್ಪತ್ರೆಯೇ ಬೇಕೆಂದು ಕಾಯದೆ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಅದನ್ನು ತೆಗೆಸಿ, ಮೂಲ ಪ್ರತಿಯನ್ನು ಕೇಳಿ ಪಡೆಯಬೇಕು. ಶಾಯಿ ಮಾಸುವ ಕಾಗದವಾದ್ದರಿಂದ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದಿಡುವುದು ಕ್ಷೇಮ.

ಜೊತೆಗಾರರು ಕುಸಿದುಬಿದ್ದು, ಅಲುಗಿಸಿದರೂ ಸ್ಪಂದಿಸದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತಾ ನಿಲ್ಲಬಾರದು. ಒಬ್ಬರು 108ಕ್ಕೆ ಕರೆ ಮಾಡುತ್ತಿದ್ದಂತೆ ಇನ್ನೊಬ್ಬರು ಎದೆಯ ಮಧ್ಯಭಾಗವನ್ನು ಎರಡೂ ಅಂಗೈಗಳಿಂದ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ಆಂಬುಲೆನ್ಸ್ ಬರುವವರೆಗೂ ಒತ್ತುತ್ತಿರಬೇಕು. ದಣಿದವರ ಸ್ಥಾನಕ್ಕೆ ಮತ್ತೊಬ್ಬರು ಬರಬೇಕು. ನಡಿಗೆಗೆ ಗುಂಪಾಗಿ ಹೋಗುವವರು ತಮ್ಮಲ್ಲಿ ಕನಿಷ್ಠ ಇಬ್ಬರಾದರೂ ಇದನ್ನು ಕಲಿತಿರುವಂತೆ ನೋಡಿಕೊಳ್ಳಬಹುದು. ಬಡಿತದ ತೊಂದರೆ ಇರುವವರು ಮಾತ್ರೆಗಳ ಹೆಸರು, ಪೇಸ್‌ಮೇಕರ್ ಕಾರ್ಡಿನ ಪ್ರತಿ ಹಾಗೂ ಮನೆಯ ದೂರವಾಣಿ ಸಂಖ್ಯೆ ಇರುವ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಹೊರಡಬೇಕು.